ಚಕ್ರದಿಂದಿಳಿದ ಹನ್ನೆರಡು ಕೋಳಿಗಳು

ಆ ಪ್ರಯೋಗಶಾಲೆಯಲ್ಲಿ ಕೋಳಿಗಳಿಗೆ ಕಾಳು ಹಾಕುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಚಕ್ರದಮ್ಮ. ಕಾರಣ, ಅಲ್ಲಿದ್ದ ದೊಡ್ಡ ಚಕ್ರ. ಅದರ ತುದಿಯ ಕೋಣೆ ಗಿರಗಿರನೆ ಸುತ್ತುವಾಗ ಒಳಗಿದ್ದವರ ಮೈ ಎರಡರಷ್ಟು ಭಾರವಾಗುತ್ತಿತ್ತು. ಭಾರ ಏರಿಳಿದರೆ ಪ್ರಾಣಿಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡುವುದೇ ಅಲ್ಲಿಯ ಕೆಲಸ. ಹನ್ನೆರಡು ಮರಿಗಳು ಆರು ತಿಂಗಳು ಅದರಲ್ಲೇ ಸುತ್ತುತ್ತ ಬಲಿತ ಕೋಳಿಗಳಾದವು. ಚಕ್ರದಮ್ಮ ಅವನ್ನು ಹೆತ್ತಿರಲಿಲ್ಲ, ಅಷ್ಟೇ.

ಇಳಿಸಿದ ದಿನ ನೋಡಬೇಕಿತ್ತು! ಕಾಳಿಗೆಂದು ಕುತ್ತಿಗೆ ಚಾಚಿದರೆ ಮೈಯೇ ಹಾರಿ ಕಾಳಿನಾಚೆ ಬೀಳುವುದು. ಹೆಜ್ಜೆಹೆಜ್ಜೆಗೂ ಕಾಲು ಎದೆಯವರೆಗೆ. ಚಕ್ರ ಹತ್ತದ ಹಳೇ ಕೋಳಿಗಳ ತಲೆ ಮೇಲಿಂದಲೇ ಓಡಾಟ. ದಾಖಲೆ ಪುಸ್ತಕದಲ್ಲಿ ‘ನಡವಳಿಕೆ’ ಎಂಬ ಜಾಗವಿತ್ತು. ತುಂಟ ಮಕ್ಕಳ ಬಗ್ಗೆ ಬರೆದ ಹಾಗೆ ಚಕ್ರದಮ್ಮ ಮುದ್ದಿನಿಂದ ಬರೆದಳು: ‘ಹನ್ನೆರಡಕ್ಕೂ ತಲೆ ತಿರುಗಿದೆ.’

ಹೊಸ ಪಶುವೈದ್ಯರು ಅದನ್ನು ಓದಿದವರೇ ಹನ್ನೆರಡರ ಕಾಲಿಗೂ ಕೆಂಪು ದಾರ ಕಟ್ಟಿಸಿದರು. ಕೆಂಪು ದಾರವೆಂದರೆ ಮಿದುಳಿನ ರೋಗ. ಸಂಜೆಯೊಳಗೆ ಸಾಯಿಸುವ ಸೂಜಿ.

ಚಕ್ರದಮ್ಮ ಓಡಿ ಬಂದಳು. “ಅಯ್ಯೋ ಡಾಕ್ಟ್ರೇ, ತಲೆಸುತ್ತು ಅಲ್ಲ! ಕೊಬ್ಬು ಅಂತ ಬರೆದದ್ದು, ಕೊಬ್ಬು!”

“ಕೊಬ್ಬಾ? ತೂಕ ಸರಿಯಾಗೇ ಇದೆಯಲ್ಲಮ್ಮ.”

“ಆ ಕೊಬ್ಬಲ್ಲ, ಜಂಬ! ಭಾರ ಹೊತ್ತು ಬೆಳೆದ ಕಾಲು. ಈಗ ಹೊರೆ ಇಲ್ಲ, ಎಷ್ಟು ಬಲ ಹಾಕ್ಬೇಕು ಅಂತ ಅವಕ್ಕೆ ತಿಳೀತಿಲ್ಲ. ನಂಬಿಕೆ ಇಲ್ದಿದ್ರೆ ನೀವೇ ಹತ್ತಿ. ನಾನೂ ಬರ್ತೀನಿ.”

ಚಕ್ರ ನಡೆಸುವವನು ಅವಳ ಮೈದುನ. “ಅತ್ತಿಗೆ, ನಿಮ್ಮ ತೂಕ ಎರಡರಷ್ಟಾದ್ರೆ ಚಕ್ರದ ಗತಿ ಏನು?”

“ಬಾಯಿ ಮುಚ್ಚಿ ಗುಂಡಿ ಒತ್ತೋ!”

ಇಬ್ಬರೂ ಒಂದು ಗಂಟೆ ಸುತ್ತಿದರು. ಒಳಗೆ ಏದುಸಿರು ಬಿಡುತ್ತ ಎದ್ದರು, ಕೂತರು, ನಡೆದರು. ಇಳಿಯುವಾಗ ವೈದ್ಯರು ಹೊಸಿಲು ದಾಟಲೆಂದು ಎತ್ತಿದ ಕಾಲು ಸೊಂಟದೆತ್ತರಕ್ಕೆ ಹೋಯಿತು. ಕನ್ನಡಕ ಸರಿಮಾಡಲು ಹೋದ ಕೈ ಹಣೆಗೆ ಬಡಿಯಿತು. ಅವರನ್ನು ಹಿಡಿಯಲು ಹೋದ ಚಕ್ರದಮ್ಮ ಅವರನ್ನೂ ದಾಟಿ ಹೊಟ್ಟಿನ ಮೂಟೆಯ ಮೇಲೆ ಬಿದ್ದಳು. ವೈದ್ಯರಿಗೆ ನಗು, ಬಿಕ್ಕಳಿಕೆ ಹತ್ತುವಷ್ಟು ನಗು.

“ರೋಗ ಅಲ್ಲಮ್ಮ, ರೋಗ ಅಲ್ಲ! ದಾರ ಬಿಚ್ಚಿ!”

ಬಿಚ್ಚಲು ಮೊದಲು ಹಿಡಿಯಬೇಕಲ್ಲ? ಹಾರುವ ಹನ್ನೆರಡು ಕೋಳಿ, ತೂರಾಡುವ ಇಬ್ಬರು ಮನುಷ್ಯರು, ಹೊಟ್ಟೆ ಹಿಡಿದುಕೊಂಡು ನಗುವ ಒಬ್ಬ ಮೈದುನ. ಹನ್ನೊಂದರ ದಾರ ಬಿಚ್ಚುವಷ್ಟರಲ್ಲಿ ಸಂಜೆಯೇ ಆಯಿತು. ಹನ್ನೆರಡನೆಯದು ಮಾತ್ರ ಕಿಟಕಿಯ ಮೇಲಿನ ಹಲಗೆಗೆ ಹಾರಿ ಕೂತು, ಕೆಳಗಿನವರ ಕುಣಿತ ನೋಡುತ್ತ, ತನ್ನ ದಾರವನ್ನು ತಾನೇ ಕೊಕ್ಕಿನಿಂದ ಕಿತ್ತು ಕೆಳಗೆ ಹಾಕಿತು.