ನೇರಳೆ ಜಾಡಿಯ ಮೇಲಿನ ಚೀಟಿ

೨೦೦೯ರ ಆಗಸ್ಟ್ ತಿಂಗಳ ಮೊದಲ ರವಿವಾರ, ಮಧ್ಯಾಹ್ನ ಹನ್ನೆರಡೂವರೆ. ಚಿಕ್ಕೋಡಿಯ ನಮ್ಮ ಅಡುಗೆಮನೆಯಲ್ಲಿ ಇದ್ದವರು ಮೂವರು: ನಾನು, ನನ್ನ ಹೆಂಡತಿ, ರಾಯಬಾಗದಿಂದ ಬೆಳಗಿನ ಬಸ್ಸಿಗೆ ಬಂದ ನನ್ನಕ್ಕ.

ಅಕ್ಕ ಶ್ರಾವಣ ಮುಗಿಯುವವರೆಗೆ ಇರಲು ಬಂದಿದ್ದಳು. ದಾರೂ ಇದ್ದ ಮನೆಯಲ್ಲಿ ನೀರು ಸಹ ಮುಟ್ಟುವುದಿಲ್ಲವೆಂದು ಆಣೆ ಮಾಡಿದವಳು. ನಿಪ್ಪಾಣಿಯಲ್ಲಿ ಮಗನ ಕಪಾಟಿನಲ್ಲಿ ಒಂದು ಬಿಯರ್ ಬಾಟಲಿ ಕಂಡು ಊಟ ಬಿಟ್ಟೆದ್ದು ಬಸ್ ಹತ್ತಿದ್ದಳು. ಅವ್ವ ತೀರಿದ ಮೇಲೆ ನನ್ನನ್ನು ಗದರಿಸಲು ಉಳಿದವಳು ಅವಳೊಬ್ಬಳೇ. ನನ್ನ ಮನೆಯಿಂದಲೂ ಅವಳು ಹಾಗೆ ಎದ್ದು ಹೋಗಬಾರದಿತ್ತು.

ಆದರೆ ನನ್ನ ಕಪಾಟಿನಲ್ಲೂ ಒಂದು ಜಾಡಿ ಇತ್ತು. ನೇರಳೆ ಹಣ್ಣು, ಸಕ್ಕರೆ, ಬ್ರಾಂದಿ ಸೇರಿಸಿ ನಲವತ್ತು ದಿನ ನೆನೆಯಿಟ್ಟದ್ದು. ಪ್ರತಿದಿನ ಬೆಳಿಗ್ಗೆ ಆರಕ್ಕೆ ಹತ್ತು ಸಲ ಅಲುಗಾಡಿಸುತ್ತಿದ್ದೆ. ಡ್ರಿಲ್ ಮಾಸ್ತರನಾಗಿದ್ದವನಿಗೆ ಎಣಿಸದೆ ಏನೂ ಮಾಡಲು ಬರುವುದಿಲ್ಲ. ಬಂದವರ ಕಣ್ಣು ತಪ್ಪಿಸಲು ಚೀಟಿ ಅಂಟಿಸಿದ್ದೆ: ‘ಔಷಧ. ಊಟವಾದ ಮೇಲೆ ಎರಡು ಚಮಚೆ.’

ಚೀಟಿಯಲ್ಲಿ ಬರೆದದ್ದನ್ನು ಮಾಡಲೇಬೇಕೆಂದು ನಂಬಿದ ಮನೆತನ ನಮ್ಮದು. ಊಟವಾಯಿತು, ಅಕ್ಕ ಕಪಾಟು ತೆರೆದು ಚೀಟಿ ಓದಿದಳು, ಯಾತರ ಔಷಧವೆಂದು ಕೇಳಿದಳು. ಮೊಣಕಾಲು ನೋವಿಗೆ ಎಂದೆ. ತನಗೆ ಮೊಣಕಾಲು ಎರಡಿವೆ ಎಂದು ಹೇಳಿ ನಾಲ್ಕು ಚಮಚೆ ತೆಗೆದು, ಬಟ್ಟಲಲ್ಲಿ ಉಳಿದ ಶ್ರೀಖಂಡದ ಮೇಲೆ ಸುರಿದುಕೊಂಡಳು. ಬೇಡವೆಂದರೆ ಕಾರಣ ಹೇಳಬೇಕು. ಹೇಳಿದರೆ ಅವಳು ನಾಲ್ಕರ ಬಸ್ಸು ಹತ್ತುತ್ತಾಳೆ. ನೆಟ್ಟಗೆ ನಿಂತೇ ಇದ್ದೆ.

ಶ್ರೀಖಂಡ ನೇರಳೆ ಬಣ್ಣಕ್ಕೆ ತಿರುಗಿತು. ಅಕ್ಕ ಕಣ್ಣು ಮುಚ್ಚಿ ತಿಂದಳು, ಇನ್ನೊಂದು ಬಟ್ಟಲು ಕೇಳಿದಳು, ಅದಕ್ಕೂ ನಾಲ್ಕು ಚಮಚೆ ಹಾಕಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿ, ನನ್ನ ಹೆಂಡತಿಯ ಎರಡೂ ಕೈ ಹಿಡಿದು ಅಡುಗೆಮನೆಯ ನಡುವೆ ಫುಗಡಿ ತಿರುಗಿದಳು. ಹನ್ನೊಂದು ಸುತ್ತು.

ಮೂರು ಗಂಟೆಗೆ ನನ್ನಿಂದ ತಡೆಯಲಾಗಲಿಲ್ಲ. ಅದರಲ್ಲಿ ಬ್ರಾಂದಿ ಇದೆಯೆಂದು ಒಪ್ಪಿಕೊಂಡೆ.

“ನಂದು ನಾಕ ಬಾಣಂತನ ಆಗ್ಯಾವೋ ತಮ್ಮಾ. ನಾಕೂ ಸಲ ಅವ್ವ ಬ್ರಾಂದಿ ಕುಡಿಸ್ಯಾಳ. ವಾಸನಿ ತಿಳಿಯೂದಿಲ್ಲೇನ ನನಗ?”

“ಮತ್ತ ನಿನ್ನ ಆಣಿ?”

“ಆಣಿ ಇರೂದು ದಾರೂಗೆ. ಇದು ಔಷಧ ಅಂತ ನೀನ ಬರದೀಯಲ್ಲ. ಮಾಸ್ತರಾಗಿ ಸುಳ್ಳ ಬರೀತೀಯೇನ?”

ನಾನು ಬರೆದದ್ದು ನಿಜವೆಂದೆ.

ಅಕ್ಕ ತಪ್ಪು ಹುಡುಕಲು ಕೂತಳು. ಸಕ್ಕರೆ ಹೆಚ್ಚಾಗಿದೆ, ಒಣಶುಂಠಿ ಬಿದ್ದಿಲ್ಲ. ಗ್ಲಾಸಿನಲ್ಲಿ ಕುಡಿಯುವವರು ಕುಡುಕರು; ಶ್ರೀಖಂಡದ ಮೇಲೆ ಅಥವಾ ಬಿಸಿ ಹುಗ್ಗಿಯ ಮೇಲೆ ಹಾಕಿಕೊಂಡವರು ರೋಗಿಗಳು.

ಶುಂಠಿ ಕುಟ್ಟಿ ಹಾಕಿದೆ. ಅವಳು ಹೇಳಿದಂತೆ ಹೊಸ ಚೀಟಿ ಬರೆದೆ: ‘ಔಷಧ. ಮೊಣಕಾಲಿಗೆ ಎರಡರಂತೆ.’ ಐದು ಗಂಟೆಗೆ ಅದನ್ನು ಅಂಟಿಸಿ, ಜಾಡಿಯನ್ನು ಹತ್ತು ಸಲ ಅಲುಗಾಡಿಸಿ ಕಪಾಟಿನಲ್ಲಿಟ್ಟೆ.