ಲಾಭಕ್ಕೆ ಗಂಟಿಲ್ಲ

ನಮ್ಮಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಆಮೇಲೆ ಎರಡು, ಮೂರು. ಲೆಕ್ಕ ತಪ್ಪಬಾರದೆಂದು ಉಣ್ಣೆ ದಾರಕ್ಕೆ ಗಂಟು ಹಾಕುತ್ತಾ ಹೋಗುವುದು ನಮ್ಮ ಮನೆಯ ರೂಢಿ. ಆದರೆ ಲಾಭಕ್ಕೆ ಗಂಟಿಲ್ಲ. ಅದು ದೇವರ ಪಾಲು, ಅದನ್ನು ಗಂಟು ಹಾಕಲು ನಾವ್ಯಾರು? ಎರಡು ಅಂದಾಗಲೇ ಮೊದಲ ಗಂಟು. ಈ ರೂಢಿ ಒಂದು ವಿಮಾನವನ್ನು ನೆಲಕ್ಕೆ ಕಟ್ಟಿಹಾಕಿ, ಆಮೇಲೆ ಮೇಲಕ್ಕೂ ಹಾರಿಸಿತು ಎಂದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ.

ಎರಡು ಸಾವಿರದ ಇಸವಿ ಕಳೆದಿತ್ತು. ದೊಡ್ಡಉಳ್ಳಾರ್ತಿಯ ಆಚೆ, ದನ ಮೇಯುವ ಕಾವಲಿನ ಅಂಚಿನಲ್ಲಿ, ಸೈನ್ಯದಿಂದ ನಿವೃತ್ತರಾದ ಸಾಹೇಬರೊಬ್ಬರು ತಗಡಿನ ಶೆಡ್ಡು ಹಾಕಿ ಇಬ್ಬರು ಕೂರುವ ಸಣ್ಣ ವಿಮಾನ ಇಟ್ಟಿದ್ದರು. ನಾನು ಅಲ್ಲಿ ಅಡುಗೆಯವಳು. ನನ್ನ ಮಗಳು ಐಟಿಐ ಮುಗಿಸಿ ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ಎಂಜಿನ್ ಬಿಚ್ಚುತ್ತಿದ್ದಳು. ವಿಮಾನದ ಎಂಜಿನ್ ಕೆಮ್ಮುತ್ತಿತ್ತು. ನಾಲ್ಕು ಸಿಲಿಂಡರುಗಳಲ್ಲಿ ತಪ್ಪು ಯಾವುದರದು ಎಂದು ತಿಳಿಯಲು, ಹೊಗೆ ಹೋಗುವ ನಾಲ್ಕು ಪೈಪಿಗೂ ಕಾವು ಅಳೆಯುವ ಪ್ರೋಬ್ ಕೂರಿಸಬೇಕಿತ್ತು. ಸರಿಯಾಗಿ ಕೂರಿಸಿದರೆ ಇಲ್ಲೇ ಮೆಕ್ಯಾನಿಕ್ ಕೆಲಸ, ಇಲ್ಲದಿದ್ದರೆ ಟ್ರ್ಯಾಕ್ಟರಿಗೇ ವಾಪಸ್ಸು ಎಂದು ಸಾಹೇಬರು ಮಗಳನ್ನು ಕರೆಸಿ ಹೇಳಿದರು.

ಶೆಡ್ಡಿನ ಕಾವಲುಗಾರ ಮೊಳಕಾಲ್ಮೂರು ಕಡೆಯವನು, ಮಾತಿನ ನಡುವೆ ತೆಲುಗು ನುಸುಳುತ್ತಿತ್ತು. ಅವನ ಬಾಯಿಗೆ ಬೀಗವಿರಲಿಲ್ಲ.

“ಟ್ರ್ಯಾಕ್ಟರ್ ಮುಟ್ಟಿದ ಕೈ ಇಮಾನ ಮುಟ್ತೈತೆ. ಅದು ಹಾರೋದು ಬಿಟ್ಟು ಹೊಲ ಉಳೋಕೆ ಹೋದ್ರೆ ಏಂ ಚೇಸ್ತಾವಮ್ಮಾ, ಏನ್ ಮಾಡ್ತೀಯ?”

“ಬಿತ್ತಾಕೆ ನಿನ್ನ ಕರೀತೀನಿ ಮಾಮ, ಬೀಜ ಬಿಡೋ ಸಡ್ಡೆ ಹಿಡ್ಕಂಡು ಬಾ,” ಎಂದಳು ನನ್ನ ಮಗಳು.

ಪೈಪಿಗೆ ತೂತು ತಪ್ಪಿ ಬಿದ್ದರೆ ಪೈಪೇ ಹಾಳು. ಅವಳು ಎಂಜಿನ್ನಿನ ಬಾಯಿಂದ ನಾಲ್ಕಕ್ಕೂ ಒಂದೇ ದೂರ ಹಿಡಿದು ಗುರುತು ಮಾಡಿದಳು. ಅವಸರವಿಲ್ಲದೆ ಕೊರೆದಳು, ತೂತಿನ ಅಂಚು ಉಜ್ಜಿದಳು. ಪ್ರೋಬಿನ ತುದಿ ಪೈಪಿನ ನಡುಮಧ್ಯಕ್ಕೆ ಬರುವಂತೆ ಇಳಿಸಿ ಕ್ಲಿಪ್ಪು ಬಿಗಿದಳು. ನೋಡಲು ಚೆನ್ನಾಗಿತ್ತು, ಸುಳ್ಳೇಕೆ. ನಾಲ್ಕು ತಂತಿಗಳೂ ಪೈಲಟ್ಟಿನ ಮುಂದಿದ್ದ ನಾಲ್ಕು ಮುಳ್ಳಿನ ಮೀಟರಿನ ಹಿಂದಕ್ಕೆ ಬಂದವು. ಎಲ್ಲವೂ ಒಂದೇ ಬಣ್ಣ. ಆ ಸಂದಿಗೆ ತೂರುವಷ್ಟು ತೆಳ್ಳಗಿನ ಕೈ ನನ್ನದೊಂದೇ. ಒಲೆ ಆರಿಸಿ ಹೋಗಿ ಪೈಲಟ್ಟಿನ ಜಾಗದಲ್ಲಿ ಕೂತೆ. ಅವಳು ಹೊರಗಿನಿಂದ ಒಂದೊಂದೇ ತಂತಿ ಜಗ್ಗಿ ಕೂಗಿದಳು, “ಲಾಭ ಅವ್ವ... ಎರಡು... ಮೂರು...” ಅಲುಗಿದ ತಂತಿಗೆ ನಾನು ಉಣ್ಣೆ ದಾರ ಕಟ್ಟಿ ಗಂಟು ಹಾಕಿದೆ. ತುದಿಗಳನ್ನು ಸಂದಿಯಿಂದ ಹೊರಗೆಳೆದು ಕೊಟ್ಟೆ, ಆ ಗುರುತು ನೋಡಿಕೊಂಡು ಅವಳು ಮೀಟರಿಗೆ ಜೋಡಿಸಿದಳು.

ಎಂಜಿನ್ ಹಚ್ಚಿದರು. ನಾಲ್ಕು ಮುಳ್ಳೂ ಎದ್ದವು, ನಾಲ್ಕನೆಯದು ಉಳಿದವನ್ನು ಮೀರಿ ಏರಿತು. ಕಳ್ಳ ಸಿಕ್ಕಿದನೆಂದು ಸಾಹೇಬರಿಗೆ ಖುಷಿ. ನಾಲ್ಕನೆಯ ಸಿಲಿಂಡರ್ ಬಿಚ್ಚಿ ನೋಡಿದರೆ ಕೂದಲೆಳೆಯಷ್ಟೂ ಊನವಿಲ್ಲ. ಮುಚ್ಚಿ ಮತ್ತೆ ಹಚ್ಚಿದರೆ ಅದೇ ಮುಳ್ಳು, ಅದೇ ಏರಿಕೆ.

“ನಿನ್ನ ಪ್ರೋಬ್ ಸುಳ್ಳು ಹೇಳ್ತಿದೆಯಮ್ಮ. ಊಟ ಆದಮೇಲೆ ಬಿಚ್ಚಿಬಿಡು,” ಎಂದರು ಸಾಹೇಬರು. ಬೈದಿದ್ದರೆ ವಾಸಿಯಿತ್ತು. ಮಗಳು ಅಡುಗೆ ಕೋಣೆಗೆ ಬಂದು ಗೋಡೆಗೆ ಒರಗಿ ಕೂತಳು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಅನ್ನಕ್ಕೆ ಅಕ್ಕಿ ಅಳೆಯುತ್ತಿದ್ದೆ. “ಲಾಭ, ಎರಡು...”

ಅವಳು ತಲೆ ಎತ್ತಿದಳು. “ಅವ್ವ, ಆ ತಂತಿಗೆ ದಾರ ಕಟ್ಟಿದ್ಯಲ್ಲ, ಲಾಭಕ್ಕೆ ಎಷ್ಟು ಗಂಟು ಹಾಕ್ದೆ?”

“ಲಾಭಕ್ಕೆ ಯಾರಾದ್ರೂ ಗಂಟು ಹಾಕ್ತಾರೇನೆ?”

“ಎರಡಕ್ಕೆ?”

“ಒಂದು.”

“ಅಯ್ಯೋ ನಮ್ಮವ್ವ. ಗಂಟಿಲ್ಲದ್ದು ಕೊನೇದು ಅಂದ್ಕಂಡು ನಾಲ್ಕನೇ ಮುಳ್ಳಿಗೆ ಹಾಕಿದೀನಿ. ಅದು ಮೊದಲನೇದು.”

“ಅಜ್ಜಿ ಕಲಿಸಿದ್ದು ಮರ್ತ್ರೆ ಹಿಂಗೇ ಆಗೋದು,” ಎಂದೆ. ಕೇಳಿಸಿಕೊಳ್ಳಲು ಅವಳು ಅಲ್ಲಿರಲಿಲ್ಲ.

ನಾನೂ ಸೇರು ಕೆಳಗಿಟ್ಟು ಹೋದೆ. “ಪ್ರೋಬು ಸುಳ್ಳು ಹೇಳಿಲ್ಲ ಸಾರ್, ತಂತಿ ಅದಲುಬದಲಾಗೈತೆ. ಮೊದಲನೇ ಸಿಲಿಂಡರ್ ನೋಡ್ರಿ,” ಎನ್ನುತ್ತಿದ್ದಳು. ನೋಡಿದರು. ಅದಕ್ಕೆ ಗಾಳಿ, ಪೆಟ್ರೋಲು ಹೋಗುವ ಕೊಳವೆಯ ರಬ್ಬರು ಸೀಳಿತ್ತು. ಅಲ್ಲಿಂದ ಹೆಚ್ಚಿಗೆ ಗಾಳಿ ನುಗ್ಗಿ ಕಾವೇರುತ್ತಿತ್ತು. ಹೊಸ ರಬ್ಬರು ಹಾಕಿ, ತಂತಿಗಳನ್ನು ಸರಿಯಾದ ಜಾಗಕ್ಕೆ ಜೋಡಿಸಿ, ಎಂಜಿನ್ ಹಚ್ಚಿದಳು. ಈ ಸಲ ಮುಳ್ಳುಗಳು ನೀರು ಕುಡಿಯಲು ನಿಂತ ಕುರಿಗಳ ಹಾಗೆ ಒಂದೇ ಸಾಲಿಗೆ ಬಂದು ನಿಂತವು. ಕೆಮ್ಮೂ ಇಲ್ಲ, ದಮ್ಮೂ ಇಲ್ಲ.

ಸಂಜೆಯ ತಂಪಿಗೆ ಸಾಹೇಬರು ವಿಮಾನ ಎತ್ತಿದರು. ಅದು ಕಾವಲಿನ ಮೇಲೆ ಸುತ್ತು ಹೊಡೆಯಿತು, ಮೇಯುತ್ತಿದ್ದ ದನಗಳೆಲ್ಲ ಕತ್ತೆತ್ತಿದವು. ಕಾವಲುಗಾರನೂ ಎತ್ತಿದ.

“ಮಾಮ, ಸಡ್ಡೆ ಎಲ್ಲಿ?” ಎಂದಳು ಮಗಳು.

“ಮನೇಲೈತೆ,” ಎಂದ.

ಸಾಹೇಬರು ಇಳಿದವರೇ, “ಚಳ್ಳಕೆರೆಯಿಂದ ನಿನ್ನ ಸಾಮಾನೆಲ್ಲ ತಂದುಬಿಡಮ್ಮ. ಮೊದಲು ಆ ದಾರ ಬಿಚ್ಚಿ, ಓದೋ ಹಾಗೆ ಚೀಟಿ ಅಂಟಿಸು,” ಎಂದರು. ಅವಳು ಅಂಟಿಸಿದಳು: ಲಾಭ, ೨, ೩, ೪. ಆಮೇಲೆ ಎಂಜಿನ್ ಹಚ್ಚಿದಾಗಲೆಲ್ಲ ಸಾಹೇಬರು, “ಲಾಭ ಎಷ್ಟು ತೋರಿಸ್ತಿದೆ?” ಎಂದೇ ಕೂಗುತ್ತಿದ್ದರು. ಅಡುಗೆ ಕೋಣೆಯವರೆಗೂ ಕೇಳುತ್ತಿತ್ತು.