ಅರೆಭಾಷೆ ಯಾವ ಭಾಷೆಯ ಅರ್ಧ?

ಆ ದಿನ ಜೈಲಿನ ಫೋನ್ ಕೋಣೆಯಲ್ಲಿ ಇದ್ದವರು ಮೂವರು. ರಿಸೀವರ್ ಹಿಡಿದ ಕೈದಿ ಜೋಯಪ್ಪ, ಪಕ್ಕದ ಸ್ಟೂಲಿನ ಮೇಲೆ ಹೆಡ್‌ಫೋನ್ ಹಾಕಿಕೊಂಡ ವಾರ್ಡರ್ ಸಂಗಪ್ಪ, ಬಾಗಿಲಲ್ಲಿ ನಾನು. ಕೊರೊನಾ ಕಳೆದ ಮರುವರ್ಷ ಅದು. ಕೊಡಗಿನ ಒಂದು ಸಣ್ಣ ಜೈಲಿಗೆ ನಾನು ಸಹಾಯಕ ಅಧೀಕ್ಷಕ. ನಿವೃತ್ತಿಗೆ ಮುಂಚಿನ ಕೊನೆಯ ಪೋಸ್ಟಿಂಗ್.

ಜೈಲಿನ ಫೋನ್ ಅಂದರೆ ಏನೆಂದು ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ಕೈದಿ ವಾರಕ್ಕೊಮ್ಮೆ ಮನೆಗೆ ಮಾತಾಡಬಹುದಿತ್ತು. ನಂಬರ್ ಯಾರದ್ದೆಂದು ಮೊದಲೇ ವಿಚಾರಿಸಿರುತ್ತಿದ್ದೆವು. ವಾರ್ಡರ್ ಒಬ್ಬ ಕೂತು ಎರಡೂ ಕಡೆಯ ಮಾತು ಕೇಳುತ್ತಿದ್ದ. ಸಂಶಯ ಬಂದರೆ ಒಂದು ಬಟನ್, ಕರೆ ಕಟ್.

ಜೋಯಪ್ಪ ಮಾದಾಪುರದ ಕಡೆಯವನು. ಎಸ್ಟೇಟುಗಳಿಂದ ಕರಿಮೆಣಸು ಕದಿಯುವ ಗುಂಪಿಗೆ ಪಿಕಪ್ ಓಡಿಸಿ ಎರಡನೇ ಸಲ ಒಳಗೆ ಬಂದಿದ್ದ. ಮೊದಲ ಸಲ ಬಿಡುಗಡೆಯಾದಾಗ ಗೇಟಿನ ಬಳಿ ಮನೆಯವರು ಯಾರೂ ಇರಲಿಲ್ಲ. ಗೋಣಿಕೊಪ್ಪಲಿನ ಹಳೇ ಗೆಳೆಯರ ಜೀಪು ಇತ್ತು. ಹತ್ತಿದ. ಮುಂದಿನ ಕೊಯ್ಲಿಗೆ ಮತ್ತೆ ನಮ್ಮ ಅತಿಥಿ. ಸರ್ವಿಸಿನುದ್ದಕ್ಕೂ ನಾನು ನೋಡಿದ್ದು ಇದನ್ನೇ: ಬಿಡುಗಡೆಯ ದಿನ ಯಾರ ಮನೆ ಬಾಗಿಲಿಗೆ ಹೋಗಬೇಕೆಂದು ತಿಳಿದಿರುವವನು ತಿರುಗಿ ಬರುವುದು ಕಡಿಮೆ.

ಈ ಸಲ ಅವನಿಗೊಂದು ಬಾಗಿಲು ಇತ್ತು. ಅಕ್ಕ ಲೀಲಾವತಿ. ತಾಯಿ ತೀರಿಕೊಂಡ ಮೇಲೆ ಸಾಕಿದವಳು ಅವಳೇ. ಮೊದಲ ಸಲ ನಾಚಿಕೆಯಿಂದ ಬಂದಿರಲಿಲ್ಲ. ಎರಡನೇ ಸಲ ಬಂದಳು, ಸಂದರ್ಶನದ ಕೋಣೆಯಲ್ಲಿ ಎಲ್ಲರೆದುರು ಅವನ ಜನ್ಮ ಜಾಲಾಡಿದಳು, ಹೋಗುವಾಗ ಕಣ್ಣೊರೆಸಿಕೊಂಡಳು. ಆಮೇಲೆ ಕಾಫಿ ಪಿಕಿಂಗ್ ಮಾಡುವಾಗ ಜಾರಿ ಕಾಲು ಮುರಿದುಕೊಂಡಳು. ಉಳಿದದ್ದು ಫೋನ್ ಮಾತ್ರ.

ಆ ದಿನ ಅವಳ ದನಿ ಬಾಗಿಲಲ್ಲಿದ್ದ ನನಗೂ ಕೇಳುವಷ್ಟು ಜೋರಾಗಿತ್ತು. "ಎಂತ ಜೋಯಿ, ಊಟ ಆತಾ? ಒಳ್ಳೆಮೆಣ್ಸು ಲಾಯ್ಕ್ ಉಟ್ಟು. ಏಣಿನೂ ಉಟ್ಟು. ಬೇರೆ ಯಾರಿಗೂ ಹೇಳಿತ್ಲೆ, ನೀನೇ ಬಂದ್ ಕುಯ್ಯೊಕು."

ಸಂಗಪ್ಪ ಬಟನ್ ಒತ್ತಿಬಿಟ್ಟ.

"ಸಾಹೇಬ್ರ, ಇದು ಕನ್ನಡ ಅಲ್ರೀ, ಏನೋ ಕೋಡ್ ಐತಿ!" ಅವನು ವಿಜಯಪುರದ ಕಡೆಯವನು, ಬಂದು ಆರು ತಿಂಗಳಾಗಿರಲಿಲ್ಲ. "ಮೆಣಸು ಅಂತಾಳ, ಏಣಿ ಅಂತಾಳ, ಯಾರಿಗೂ ಹೇಳಿಲ್ಲ ಅಂತಾಳ!"

ಜೋಯಪ್ಪ ಸಿಡಿದ. "ನಿಮ್ದು ಮಾತ್ರ ಕನ್ನಡವಾ ಸಾರ್? ನೀವು ಮಾತಾಡಿದ್ದು ನಮ್ಗೆ ಅರ್ಧ ತಿಳಿಯೂದಿಲ್ಲ. ನಾವು ಕಟ್ ಮಾಡ್ತೇವಾ?"

ನಾನು ಕುಶಾಲನಗರದ ಹತ್ತಿರದವನು, ಹಾಸನದಿಂದ ಬಂದು ನೆಲೆಸಿದ ಮನೆತನ. ಆದರೆ ಓದುವಾಗ ನನ್ನನ್ನು ಇಟ್ಟುಕೊಂಡಿದ್ದ ಮನೆಯ ಅಜ್ಜಿ ಅರೆಭಾಷೆಯಲ್ಲೇ, ಅಂದರೆ ಇಲ್ಲಿನ ಗೌಡರ ಮನೆಮಾತಾದ ಕನ್ನಡದಲ್ಲೇ, ಅನ್ನ ಬಡಿಸಿದವರು. 'ಉಟ್ಟು' ಅಂದರೆ 'ಇದೆ'. 'ಒಳ್ಳೆಮೆಣ್ಸು' ಅಂದರೆ ಕರಿಮೆಣಸು. ಆ ಹೆಂಗಸು ಹೇಳಿದ್ದಿಷ್ಟೇ: ನಮ್ಮ ಮನೆಯ ಮೆಣಸು ಚೆನ್ನಾಗಿ ಬಂದಿದೆ, ಮರಕ್ಕೆ ಹಬ್ಬಿದ ಬಳ್ಳಿಯಿಂದ ಕೊಯ್ಯಲು ಏಣಿಯೂ ಇದೆ, ಬೇರೆ ಆಳಿಗೆ ಹೇಳಿಲ್ಲ, ನಿನಗಾಗಿ ಬಿಟ್ಟಿದ್ದೇನೆ. ಮೆಣಸು ಕದ್ದವನಿಗೆ ಮೆಣಸನ್ನೇ ನಂಬಿ ಬಿಟ್ಟಿದ್ದಳು. ನಾನು ಅರ್ಥ ಹೇಳಿದರೂ ಅದು ಸಂಗಪ್ಪನ ವರದಿಯಲ್ಲಿ 'ಕಳವಿನ ಸಂಚು' ಆಯಿತು. ಜೋಯಪ್ಪನ ಫೋನ್ ನಿಂತಿತು.

ಮೇಲಧಿಕಾರಿಗಳ ಬಳಿ ಹೋದೆ. "ಕನ್ನಡದಲ್ಲಿ ಮಾತಾಡೋಕೆ ಹೇಳ್ರಿ ಅವಳಿಗೆ" ಅಂದರು.

"ಅದು ಕನ್ನಡವೇ ಸಾರ್."

"ಕನ್ನಡವೇ ಆಗಿದ್ರೆ ವಾರ್ಡರ್‌ಗೆ ಯಾಕೆ ಅರ್ಥ ಆಗಲಿಲ್ಲ?"

ಕೊಡವ ಭಾಷೆ, ಅರೆಭಾಷೆ, ಮಲಯಾಳ, ತಮಿಳು, ತುಳು, ಉರ್ದು ಎಲ್ಲವೂ ಒಂದೇ ಬಸ್ಸಿನಲ್ಲಿ ಕೂರುವ ಊರಿದು. ಒಂದು ವಾಕ್ಯ ಮುಗಿಯುವುದರೊಳಗೆ ಜನ ಎರಡು ಭಾಷೆ ಹತ್ತಿ ಇಳಿಯುತ್ತಾರೆ. ಅರೆಭಾಷೆಯಲ್ಲಿ ಮಾತಾಡಲು ಅನುಮತಿ ಕೋರಿ ಕೇಂದ್ರ ಕಚೇರಿಗೆ ಪತ್ರ ಬರೆದೆ. ವಾರಗಟ್ಟಲೆ ಕಾದ ಮೇಲೆ ಉತ್ತರ ಬಂತು: ಅರೆಭಾಷೆ ಎಂಬುದು ಯಾವ ಭಾಷೆಯ ಅರ್ಧಭಾಗ ಎಂಬುದನ್ನು ಸ್ಪಷ್ಟಪಡಿಸಿ ಮರುಸಲ್ಲಿಸುವುದು. ನಗಬೇಕೋ ಹರಿದು ಒಲೆಗೆ ಹಾಕಬೇಕೋ ತಿಳಿಯಲಿಲ್ಲ. ಸ್ಪಷ್ಟಪಡಿಸಿದೆ, ಮರುಸಲ್ಲಿಸಿದೆ.

ಅಷ್ಟರಲ್ಲಿ ಲೀಲಾವತಿ ಕಚೇರಿಗೇ ಫೋನ್ ಮಾಡಿದಳು. "ಅಂವ ನನ್ನೊಟ್ಟಿಗೆ ಮಾತಾಡಿಕೆ ಒಪ್ಪುದಿಲ್ಲೆಯಾ ಸಾರ್? ಅಷ್ಟು ಬಯ್ಯಬಾರದಿತ್ತು ನಾನು."

"ಅವನಲ್ಲಮ್ಮ, ನಾವು ಬಿಡ್ತಾ ಇಲ್ಲ" ಅಂದೆ. ಅವಳು ನಂಬಲಿಲ್ಲ ಅನ್ನಿಸಿತು. ಇತ್ತ ಜೋಯಪ್ಪ ಊಟದ ಸಾಲಿನಲ್ಲಿ ಜಗಳ ತೆಗೆಯತೊಡಗಿದ. ಬಿಡುಗಡೆಯ ದಿನ ಜೀಪು ಬರುತ್ತದೆಂದು ಗೋಣಿಕೊಪ್ಪಲಿನಿಂದ ಸುದ್ದಿಯೂ ಬಂತು. ಅವರಿಗೆ ಭಾಷೆಯ ತೊಂದರೆಯೇ ಇರಲಿಲ್ಲ ನೋಡಿ.

ಹಠ ಹಿಡಿದು ಒಂದು ಕರೆಗೆ ಒಪ್ಪಿಗೆ ಪಡೆದೆ. ಷರತ್ತು: ಶುದ್ಧ ಕನ್ನಡ. ಲೀಲಾವತಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಶುರುಮಾಡಿದಳು. "ತಮ್ಮಾ, ನೀನು ಚೆನ್ನಾಗಿ ಇದ್ದೀಯಾ? ನಾವು ಎಲ್ಲರೂ ಚೆನ್ನಾಗಿ ಇದ್ದೇವೆ." ಇವನು "ಚೆನ್ನಾಗಿ ಇದ್ದೇನೆ" ಅಂದ. ಇನ್ನೂ ಸಮಯ ಇರುವಾಗಲೇ ಅವನು ರಿಸೀವರ್ ಇಟ್ಟ.

"ಅದು ನನ್ನ ಅಕ್ಕ ಅಲ್ಲ ಸಾರ್. ರೇಡಿಯೋ."

ಸಂಗಪ್ಪ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. "ನಮ್ಮವ್ವಗ ಹಿಂಗ ಮಾತಾಡು ಅಂದ್ರ ಫೋನ್ ಒಗೀತಾಳ್ರೀ. ಇವನ ಅಕ್ಕಗ ಅಕೀ ಮಾತಾಗ ಮಾತಾಡಾಕ ಹೇಳ್ರಿ. ನಾ ಕಲೀತೀನಿ."

ಕಲಿಸಿದವನು ಜೋಯಪ್ಪನೇ. ಬ್ಯಾರಕ್ಕಿನವರಿಗೆಲ್ಲ ಅದೊಂದು ಮೋಜು. "ಎಲ್ಲಾದಕ್ಕೂ ಉಟ್ಟು ಉಟ್ಟು ಅಂತೀರಲ್ಲೋ, ನಿಮ್ಮ ಏಣಿ ಏನ್ ಸೀರಿ ಉಟ್ಟೈತೇನು?" ಎಂದು ಸಂಗಪ್ಪ ಕೇಳಿದರೆ ಸಾಲಿಡೀ ನಗುತ್ತಿತ್ತು. ಅವನು ತನ್ನ ಮೊದಲ ವರದಿ ತಪ್ಪೆಂದು ತಾನೇ ಬರೆದುಕೊಟ್ಟ. ಕಡೆಯ ಎರಡು ವಾರಕ್ಕೆ ಫೋನ್ ಮರಳಿತು. ಕಳೆದುಹೋದ ವಾರಗಳನ್ನು ಯಾರೂ ಮರಳಿಸಲಿಲ್ಲ.

ಬಿಡುಗಡೆಯ ಬೆಳಿಗ್ಗೆ ಲೀಲಾವತಿಗೆ ಬರಲು ಕಾಲು ಕೂಡಿರಲಿಲ್ಲ. ಜೀಪು ಮಾತ್ರ ಎಂಜಿನ್ ಆರಿಸದೆ ಗೇಟಿನೆದುರು ನಿಂತಿತ್ತು. ಜೋಯಪ್ಪ ಹೊರಬರುತ್ತಲೇ ಜೀಪಿನಿಂದ ಒಬ್ಬ ಕೂಗಿದ.

"ಓ ಡ್ರೈವರ್, ಹತ್ತು ಮಾರಾಯ!"

"ಇಲ್ಲ ಮಾರಾಯ, ಮೆಣ್ಸು ಕೊಯ್ಯಲಿಕ್ಕೆ ಉಂಟು."

ಜೀಪಿನವನು ನಕ್ಕ. "ಈ ಸಲ ಯಾರ ತೋಟದ್ದು?"

"ನಮ್ದೇ" ಅಂದ ಜೋಯಪ್ಪ. ಬಸ್ ಸ್ಟ್ಯಾಂಡಿನ ದಾರಿ ಹಿಡಿದ. ಆಮೇಲೆ ಅವನು ಜೈಲಿಗೆ ಬಂದಿಲ್ಲ.

ಇದನ್ನು ಗೆಲುವು ಅನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬ ವಾರ್ಡರಿಗೆ ಕಲಿಯುವ ಮನಸ್ಸಿತ್ತು, ಅಷ್ಟೇ. ಗೋಡೆ, ಬೀಗ, ಕ್ಯಾಮೆರಾಗಳಿಗೆ ನಾವು ಪಡುವ ಪಾಡಿನಲ್ಲಿ ಒಂದಂಶವನ್ನು ಮನೆಯವರ ಮಾತಿಗೆ ಪಟ್ಟಿದ್ದರೆ ಎಷ್ಟು ಜನ ತಮ್ಮ ತಮ್ಮ ಬಾಗಿಲು ಸೇರುತ್ತಿದ್ದರೋ! ಕೈದಿ ಮನೆಯವರೊಡನೆ ಮಾತಾಡುವುದು ನಾವು ಕೊಡುವ ಸವಲತ್ತಲ್ಲ, ನಮ್ಮದೇ ಅರ್ಧ ಕೆಲಸ. ನೌಕರಿ ನನಗೆ ಕಲಿಸಿದ್ದು ಇದನ್ನು.

ನನಗೆ ನಿವೃತ್ತಿಯಾದ ಮೇಲೆ ಒಮ್ಮೆ ಜೋಯಪ್ಪ ಸಂಗಪ್ಪನಿಗೆಂದು ಒಂದು ಪೊಟ್ಟಣ ಒಳ್ಳೆಮೆಣಸು ಕೊಟ್ಟ. ತೆಗೆದುಕೊಂಡು ಜೈಲಿಗೆ ಹೋದೆ. ಸಂಗಪ್ಪನಿಗೆ ವರ್ಗವಾಗಿತ್ತು. ಫೋನ್ ಕೋಣೆಯಲ್ಲಿ ಹೊಸ ವಾರ್ಡರ್, ಎದುರಿಗೆ ಕೇರಳದ ಗಡಿಯ ಕುಟ್ಟದ ಕಡೆಯ ಒಬ್ಬ ಕೈದಿ. "ಕನ್ನಡದಲ್ಲಿ ಮಾತಾಡಯ್ಯ" ಎಂದು ವಾರ್ಡರ್ ಗದರಿದ. ಕೈದಿ ರಿಸೀವರ್ ಹಿಡಿದುಕೊಂಡೇ ಬಾಯಿ ಮುಚ್ಚಿದ. ಆ ಕಡೆಯಿಂದ ಅವನ ತಾಯಿ ಮಲಯಾಳದಲ್ಲಿ ಇನ್ನೂ ಏನೋ ಕೇಳುತ್ತಲೇ ಇದ್ದಳು. ವಾರ್ಡರ್ ಬಟನ್ ಒತ್ತಿದ.

ಮೆಣಸಿನ ಪೊಟ್ಟಣವನ್ನು ಮನೆಗೆ ವಾಪಸು ತಂದೆ.